ಶ್ರೀಪಾದನ ತಂದೆಯನ್ನು ಹುಡುಕಿ ಬಸ್ರಾಕ್ಕೆ

ಪುಣೆ

ಬಸ್ರಾಕ್ಕೆ ಹೋಗಿ ಬಂದ ಮೇಲೆ ನಮ್ಮ ಸೋಮವಾರ ಪೇಟೆಯ ವಾಡೆಯ ಹೆಂಗಸರು ನನ್ನನ್ನು ಕೇಳಿದ್ದೆಲ್ಲ ಊಟದ ವಿಷಯ. ಹಡಗಿನಲ್ಲಿ ಅನ್ನ ಯಾರು ಮಾಡಿದರು, ಮಡಿ ನೀರು ಎಲ್ಲಿಂದ ಬಂತು, ಅರಬರ ದೇಶದಲ್ಲಿ ಕೊತ್ತಂಬರಿ ಸಿಗುತ್ತದೆಯೇ. ಸಿಗುತ್ತದೆ ಮಹಾರಾಯ್ತಿಯರೇ, ನಮ್ಮ ಮಂಡಯಿ ಮಾರ್ಕೆಟ್ಟಿನಲ್ಲಿ ಸಿಗುವುದಕ್ಕಿಂತ ದೊಡ್ಡ ಕಟ್ಟು ಸಿಗುತ್ತದೆ. ಹೋದ ಕೆಲಸ ಏನಾಯಿತು ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ನಿಂತ ನಿಲುವಿನಲ್ಲಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ಕೂತು ಬರೆಯುತ್ತಿದ್ದೇನೆ.

ನನ್ನ ಯಜಮಾನರು ಪುಣೆಯ ಕ್ಯಾಂಪಿನಲ್ಲಿ ಸೈನ್ಯದ ದವಾಖಾನೆಯ ಡ್ರೆಸರ್ ಆಗಿದ್ದರು. ಗಾಯ ತೊಳೆದು ಪಟ್ಟಿ ಕಟ್ಟುವುದು ಅವರ ಕೆಲಸ. ಜರ್ಮನಿಯ ಲಡಾಯಿ ಸುರುವಾದ ವರ್ಷ ನಮ್ಮೂರಿನ ಹೆಸರು ಹೊತ್ತ ಡಿವಿಜನ್ನು ತುರ್ಕರ ಮೇಲೆ ಯುದ್ಧಕ್ಕೆಂದು ಹಡಗು ಹತ್ತಿ ಬಸ್ರಾದ ಕಡೆ ಹೋಯಿತು. ಡಿವಿಜನ್ ಎಂದರೆ ಬಂದೂಕು ಹಿಡಿದವರು ಮಾತ್ರ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಅದು ಎದ್ದು ನಡೆಯುವ ಒಂದು ಊರು. ಹತ್ತು ಹನ್ನೆರಡು ಪಲ್ಟನ್ನು ಕಾಲಾಳುಗಳು, ಅವರ ಹಿಂದೆ ತೋಪು, ಹೇಸರಗತ್ತೆ, ಅಡುಗೆಯವರು, ನೀರು ಹೊರುವವರು, ಕ್ಷೌರದವರು, ಜೋಡು ಹೊಲಿಯುವವರು, ಗಾಯಾಳುಗಳ ಡೋಲಿ ಹೊರುವವರು, ಕೊನೆಗೆ ದವಾಖಾನೆ. ಹೆಸರು ಪುಣೆಯದಾದರೂ ಅದರೊಳಗೆ ಮರಾಠರು, ಪಂಜಾಬಿಗಳು, ರಜಪೂತರು, ಗೂರ್ಖರು, ಇಂಗ್ಲಿಷರು ಎಲ್ಲರೂ ಇದ್ದರು. ಬಾಗಲಕೋಟೆಯವರು ಇವರೊಬ್ಬರೇ.

ಅವರನ್ನು ಕಳಿಸಲು ಎರಡು ವರ್ಷದ ಶ್ರೀಪಾದನನ್ನು ಎತ್ತಿಕೊಂಡು ಸ್ಟೇಷನ್ನಿಗೆ ಹೋಗಿದ್ದೆ. ಅವರಿಗೆ ಚೇಷ್ಟೆ ಹೆಚ್ಚು. ಗಾಡಿಯ ಬಾಗಿಲಲ್ಲಿ ನಿಂತು, "ಒಂದ ಸಲ ನನ್ನ ಹೆಸರು ಹಿಡದು ಕರಿ ನೋಡೋಣು. ಯಾರಿಗೂ ಕೇಳಸೂದಿಲ್ಲ, ಎಂಜಿನ್ ಸಪ್ಪಳ ಭಾಳ ಅದ," ಅಂದರು.

"ಅಯ್ಯ, ಏನರೆ ಮಾತಾಡ್ತೀರಿ! ಮಂದಿ ಇದ್ದಾರ."

"ಇರವಲ್ರಾಕ. ಒಂದ ಸಲ."

"ಬಂದ ಮ್ಯಾಲೆ ಕರೀತೀನಿ. ಸುಮ್ನ ಹೋಗಿ ಬರ್ರಿ."

"ಮಾತು ಕೊಟ್ಟಿ, ನೆನಪಿಡು," ಅಂದರು. ಗಾಡಿ ಹೊರಟಿತು. ನಮ್ಮಲ್ಲಿ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿಕೆ. ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ ಒಗಟು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ ಹೇಳಿಸುವುದುಂಟು. ನನ್ನ ಮದುವೆಯಲ್ಲಿ ನಾನು ಸಣ್ಣವಳು, ಒಗಟು ಮರೆತು ಅತ್ತುಬಿಟ್ಟಿದ್ದೆ. ಹೀಗಾಗಿ ಅವರ ಹೆಸರು ನನ್ನ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ. ಆಯುಷ್ಯಕ್ಕೆ ಅಂಜಿ ಇಟ್ಟುಕೊಂಡ ಹೆಸರು ಅದು.

ಒಂದು ವರ್ಷ ಕಾಗದ ಬಂದವು. ಆಮೇಲೆ ಕುತ್ ಎಂಬ ಊರಿನಲ್ಲಿ ತುರ್ಕರು ಡಿವಿಜನ್ನನ್ನು ಸುತ್ತುಗಟ್ಟಿದರು. ಐದು ತಿಂಗಳು ಹಸಿದು, ಕುದುರೆಗಳನ್ನೂ ಕಡಿದು ತಿಂದು, ಕೊನೆಗೆ ಪುಣೆಯ ಹೆಸರಿನ ಆ ಊರು ಶರಣಾಯಿತು. ಸುದ್ದಿ ಬಂದಾಗ ಕ್ಯಾಂಪಿನಲ್ಲಿ ಒಂದು ಡೇರೆ ಹಾಕಿ, ಮನೆಯವರ ವಿಚಾರಣೆ ಬರೆದುಕೊಳ್ಳುತ್ತಿದ್ದರು. ಬಿಸಿಲಲ್ಲಿ ಹೆಂಗಸರ ಸಾಲು ನಿಂತಿತ್ತು. ನನ್ನ ಪಾಳಿ ಬಂದಾಗ ಗುಮಾಸ್ತ ಮರಾಠಿಯಲ್ಲಿ ಯಜಮಾನರ ಹೆಸರು ಕೇಳಿದ. ನಾನು ಹೇಳಬೇಕಾದ ರೀತಿಯಲ್ಲಿ ಹೇಳಿದೆ: "ನಮ್ಮ ಶ್ರೀಪಾದನ ತಂದೆ." ಕೆಲಸ ಡ್ರೆಸರ್, ಮನೆ ಸೋಮವಾರ ಪೇಟೆ. ಅವನು ಇಂಗ್ಲಿಷಿನಲ್ಲಿ ಬರೆದುಕೊಂಡು ಒಂದು ನಂಬರಿನ ಚೀಟಿ ಕೊಟ್ಟ. ಮುಂದೆ ಏನು ಬರೆಯುವುದಿದ್ದರೂ ಈ ನಂಬರನ್ನೇ ಕಾಣಿಸಬೇಕು ಅಂದ. ಬಾಗಲಕೋಟೆಯಿಂದ ಭಾವನವರು ಎಷ್ಟೋ ಅರ್ಜಿ ಹಾಕಿದರು, ಹೆಸರಿನ ಬದಲು ಆ ನಂಬರನ್ನೇ ಹಾಕಿದರು. ಉತ್ತರ ಮಾತ್ರ ಒಂದೇ. ನಿಮ್ಮ ನಂಬರಿನ ವ್ಯಕ್ತಿ ಸತ್ತವರ ಪಟ್ಟಿಯಲ್ಲಿಲ್ಲ, ಸೆರೆಯಾದವರ ಪಟ್ಟಿಯಲ್ಲಿಲ್ಲ, ಪತ್ತೆಯಿಲ್ಲ.

ಪತ್ತೆಯಿಲ್ಲದವರ ಹೆಂಡತಿ ಏನಾಗುತ್ತಾಳೆ? ಯಾರಿಗೂ ಗೊತ್ತಿರಲಿಲ್ಲ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತ, ಹಣೆಯ ಮೇಲೆ ಕುಂಕುಮ ಇಟ್ಟುಕೊಂಡೇ ಇದ್ದೆ. ಹಬ್ಬದ ದಿನ ಮುತ್ತೈದೆಯರ ಸಾಲಿನಲ್ಲಿ ನನ್ನನ್ನು ಕೂಡಿಸುವುದೋ ಬಿಡುವುದೋ ಎಂದು ಮನೆಯೊಡತಿ ತಟ್ಟೆ ಹಿಡಿದು ಒಂದು ಕ್ಷಣ ತಡವರಿಸುತ್ತಿದ್ದಳು. ಆ ಒಂದು ಕ್ಷಣವನ್ನು ವರ್ಷಗಟ್ಟಲೆ ನುಂಗಿದ್ದೇನೆ.

ಹೋದ ದೀಪಾವಳಿಗೆ ಭಾವನವರು ಬಂದರು. ನಮ್ಮಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವುದಿಲ್ಲ. ಪಡಸಾಲೆಯಲ್ಲಿ ಕೂತು, "ಶ್ರೀಪಾದ, ನಿಮ್ಮವ್ವಗ ಹೇಳು," ಅಂದರು. "ನಿಮ್ಮಪ್ಪನ ಸುದ್ದಿ ಇಲ್ಲದ ಬರೂ ಚೈತ್ರಕ್ಕ ಹನ್ನೆರಡು ವರ್ಷ ತುಂಬತಾವ. ಶಾಸ್ತ್ರದ ಪ್ರಕಾರ ಅವನ ಬದಲಿ ದರ್ಭಿ ಗೊಂಬಿ ಮಾಡಿ ಸುಡಬೇಕು. ಆಮ್ಯಾಲೆ ಕುಂಕುಮ ಇಟ್ಕೊಳ್ಳೂ ಹಂಗಿಲ್ಲ. ಊರಿಂದ ಹಿರೇರು ಬರತಾರ."

ನಾನು ಬಾಗಿಲ ಮರೆಯಿಂದ ಅಂದೆ: "ಶ್ರೀಪಾದ, ನಿಮ್ಮ ದೊಡ್ಡಪ್ಪಾರಿಗೆ ಹೇಳು. ತೆಗಿಯೂದಾದ್ರ ನನ್ನ ಕೈಲೆ ನಾನ ತೆಗೀತೀನಿ. ಅದಕ್ಕ ಹಿರೇರು ಬ್ಯಾಡ. ಆದ್ರ ಮೊದಲ ಹೋಗಿ ನೋಡಿ ಬರತೀನಿ."

"ಎಲ್ಲಿಗೆ?" ಎಂದು ಭಾವನವರು ನನ್ನ ಮದುವೆಯಾದಾಗಿನಿಂದ ಮೊದಲ ಸಲ ನೇರವಾಗಿ ನನ್ನನ್ನೇ ಕೇಳಿಬಿಟ್ಟರು. ಹದಿನೈದರ ಶ್ರೀಪಾದ ನಡುವೆ ನಿಂತು ಗೋಡೆ ನೋಡುತ್ತಿದ್ದ.

ಹಡಗು

ಆ ಪಟ್ಟಿಗಳನ್ನೆಲ್ಲ ಇಟ್ಟ ಕಚೇರಿ ಬಸ್ರಾದಲ್ಲಿತ್ತು. ಶ್ರೀಪಾದನಿಗೆ ಶಾಲೆ, ಜೊತೆಗೆ ಬಂದವನು ನನ್ನ ತಮ್ಮ ವೆಂಕೋಬ. ಧಾರವಾಡದ ಕಚೇರಿಯಲ್ಲಿ ಗುಮಾಸ್ತ, ಮಡಿಯಲ್ಲಿ ನಮ್ಮಜ್ಜಿಯನ್ನೂ ಮೀರಿಸಿದವನು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ಅಳುತ್ತಲೇ ಹೊರಟ. ಅಕ್ಕನನ್ನು ಒಬ್ಬಳೇ ಬಿಟ್ಟರೆ ಮರ್ಯಾದೆ ಕೆಡುತ್ತದೆ ಎಂದು ಬರದೆ ಇರಲೂ ಆಗಲಿಲ್ಲ. ಒಂದು ಡಬ್ಬಿ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ, ಬಾಯಿಗೆ ಬೆಸುಗೆ ಹಾಕಿದ ಗಂಗಾಜಲದ ತಂಬಿಗೆ, ನಾಲ್ಕು ಧೋತರ ಅವನ ಸಾಮಾನು.

ಮುಂಬಯಿ ಬಿಟ್ಟ ಎರಡನೆಯ ದಿನ ಅವನು ಡೆಕ್ಕಿನ ಕಟಾಂಜನಕ್ಕೆ ಮಡಿ ಧೋತರ ಒಣಹಾಕಿದ. ಯಾರೂ ಮುಟ್ಟಬಾರದೆಂದು ಜನರಿಲ್ಲದ ತುದಿಯನ್ನೇ ಹುಡುಕಿ ಹಾಕಿದ. ಗಾಳಿಗೆ ಎರಡು ಧೋತರ ಅರಬ್ಬೀ ಸಮುದ್ರದ ಪಾಲಾದವು. ಮೂರನೆಯದನ್ನು ಹಿಡಿಯಲು ಬಾಗಿದವನನ್ನು ಒಬ್ಬ ಸಿಂಧಿ ವ್ಯಾಪಾರಿ ಸೊಂಟ ಹಿಡಿದು ಎಳೆದ. ಮೈಲಿಗೆಯಾಯಿತೆಂದು ಬೈಯಬೇಕೋ ಪ್ರಾಣ ಉಳಿಸಿದನೆಂದು ಕೈಮುಗಿಯಬೇಕೋ ತಿಳಿಯದೆ ವೆಂಕೋಬ ಎರಡನ್ನೂ ಮಾಡಿದ.

ಡೆಕ್ಕಿನ ಮೇಲೆ ನನ್ನ ಪಕ್ಕದ ಚಾಪೆ ಒಬ್ಬ ಮುಸಲ್ಮಾನ ಅಜ್ಜಿಯದು. ಲಖನೌ ಕಡೆಯವಳು, ಕರ್ಬಲಾದ ಯಾತ್ರೆಗೆ ಹೊರಟಿದ್ದಳು. ಎಲ್ಲಿಗೆ ಹೋಗುತ್ತೀ ಮಗಳೇ ಎಂದು ಕೇಳಿದಳು. ಗಂಡನ ಕಡೆಗೆ ಎಂದೆ. ಅವನು ಎಲ್ಲಿದ್ದಾನೆ ಎಂದಳು. ಗೊತ್ತಿಲ್ಲ ಎಂದೆ. ಅವಳು ನನ್ನ ಹಣೆಯ ಕುಂಕುಮ ನೋಡಿ, ನನ್ನ ಮುಖ ನೋಡಿ, ಸೆರಗು ಮುಚ್ಚಿಕೊಂಡು ಅತ್ತಳು. ಅತ್ತೆಯ ಮನೆಯವರೂ ತವರಿನವರೂ ನನಗೆ ಬುದ್ಧಿ ಹೇಳಿದ್ದರು, ಧೈರ್ಯ ಹೇಳಿದ್ದರು. ಕೇಳಿದ ಕೂಡಲೇ ಅತ್ತವಳು ಇವಳೊಬ್ಬಳೇ. ಆ ಸಂಜೆ ಅವಳ ಕಾಲು ಒತ್ತಿದೆ. ವೆಂಕೋಬ ಆ ಕಡೆ ತಿರುಗಿ ಕೂತ.

ಹಡಗು ಹೋದಷ್ಟೂ ನನಗೆ ಅನ್ನಿಸುತ್ತಿದ್ದುದು ಒಂದೇ. ಇದೇ ನೀರನ್ನು ಅವರೂ ನೋಡಿದ್ದಾರೆ. ಡಿವಿಜನ್ನಿನ ಹಡಗಿನಲ್ಲಿ ಹೇಸರಗತ್ತೆಗಳಿಗೆ ವಾಂತಿ ಮಾಡಲು ಬರುವುದಿಲ್ಲವೆಂದೂ, ಅವು ಮಕ್ಕಳ ಹಾಗೆ ಸಪ್ಪೆ ಮುಖ ಹಾಕಿಕೊಂಡು ನಿಲ್ಲುತ್ತವೆಂದೂ ಕಾಗದದಲ್ಲಿ ಬರೆದಿದ್ದರು. ಆ ಕಾಗದ ನನ್ನ ಟ್ರಂಕಿನಲ್ಲಿತ್ತು. ಓದಲು ತೆಗೆಯಲಿಲ್ಲ, ಬಾಯಿಪಾಠವೇ ಇತ್ತು.

ಬಸ್ರಾ

ಬಸ್ರಾ ಎಂದರೆ ಮರಳುಗಾಡು ಎಂದುಕೊಂಡು ಹೋದವಳಿಗೆ ಎಲ್ಲಿ ನೋಡಿದರಲ್ಲಿ ನೀರು. ಊರಿನೊಳಗೆಲ್ಲ ಕಾಲುವೆ, ಕಾಲುವೆಯ ದಂಡೆಗೆ ಖರ್ಜೂರದ ತೋಟ. ನಮ್ಮಲ್ಲಿ ಟಾಂಗಾ ನಿಲ್ಲುವ ಕಡೆ ಅವರಲ್ಲಿ ದೋಣಿ ನಿಲ್ಲುತ್ತದೆ. ಬಂದರಿನಲ್ಲಿ, ರೈಲಿನಲ್ಲಿ, ಅಂಚೆಯಲ್ಲಿ ನಮ್ಮ ಕಡೆಯ ಗುಮಾಸ್ತರೇ ತುಂಬಿದ್ದರು. ಹಡಗು ಇಳಿದು ಹತ್ತು ಹೆಜ್ಜೆ ಇಡುವುದರೊಳಗೆ ಹಿಂದೆ ಯಾರೋ ಮರಾಠಿಯಲ್ಲಿ ಕೂಲಿಯವನನ್ನು ಬೈಯುವುದು ಕೇಳಿ ನನಗೆ ಪುಣೆ ಸ್ಟೇಷನ್ನೇ ನೆನಪಾಯಿತು. ಬೈಗುಳ ಕೇಳಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಪುಣೆಯ ಪರಿಚಯದ ಒಬ್ಬ ರೈಲ್ವೆ ಗುಮಾಸ್ತರ ಮನೆಯ ಹಿಂದಿನ ಕೋಣೆಯಲ್ಲಿ ನಾವು ಇಳಿದುಕೊಂಡೆವು. ಮನೆಯ ಮಾಲೀಕ ಅರಬ ಮುದುಕ. ಹೊಸಬರು ಬಂದರೆಂದು ವೆಂಕೋಬನನ್ನು ಜಗಲಿಗೆ ಕರೆದು ಕಾಫಿ ಕೊಡಿಸಿದ. ಒಲ್ಲೆ ಎಂದರೆ ಅವರಿಗೆ ದೊಡ್ಡ ಅಪಮಾನವಂತೆ. ವೆಂಕೋಬ ಕಣ್ಣು ಮುಚ್ಚಿ, ಗೋವಿಂದಾ ಎಂದು, ತನ್ನ ಜಾತಿಯನ್ನು ಆ ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕುಡಿದುಬಿಟ್ಟ. ಮುದುಕ ಮತ್ತೆ ಹೊಯ್ದ. ಅನ್ನ ಚೆಲ್ಲಬಾರದು ಎಂದು ಬೆಳೆದವನು, ಮತ್ತೆ ಕುಡಿದ. ಮತ್ತೆ ಹೊಯ್ದ. ಸಾಕಾದರೆ ಬಟ್ಟಲನ್ನು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಬೇಕು, ಅಲ್ಲಿಯವರೆಗೆ ಹೊಯ್ಯುತ್ತಲೇ ಇರುವುದು ಅವರ ಪದ್ಧತಿ. ಇವನು ಬಟ್ಟಲನ್ನು ಅಲ್ಲಾಡದಂತೆ ಎರಡೂ ಕೈಯಲ್ಲಿ ಭಕ್ತಿಯಿಂದ ಹಿಡಿದಿದ್ದ. ಹನ್ನೊಂದನೆಯ ಬಟ್ಟಲಿಗೆ ಮುದುಕನ ಕಾಫಿಯೇ ತೀರಿತು.

ಮರುದಿನ ಬೆಳಿಗ್ಗೆ ವೆಂಕೋಬ ಹೊಟ್ಟೆ ಹಿಡಿದು ಮಲಗಿದ್ದ. ಎದೆ ಡವಡವ, ಕೈ ಗಡಗಡ. "ಅಕ್ಕಾ, ನಾ ಉಳಿಯೂದಿಲ್ಲ. ನಂದೂ ಒಂದು ಹೆಸರು ಆ ಪಟ್ಟಿಯೊಳಗ ಬರಸಿ ಬಾ," ಅಂದ.

"ಸುಮ್ನ ಬಿದ್ಕೋ. ಕಾಫಿ ಕುಡದು ಯಾರೂ ಸತ್ತಿಲ್ಲ."

"ಕಚೇರಿಗೆ ನಾಳೆ ಹೋಗೂಣು. ನೀ ಒಬ್ಬಾಕಿನ ಹೆಂಗ ಹೋಗ್ತಿ?"

ಹನ್ನೆರಡು ವರ್ಷ ತಡೆದವಳಿಗೆ ಒಂದು ದಿನ ತಡೆಯಲಾಗಲಿಲ್ಲ. ಅವನಿಗೆ ಮಜ್ಜಿಗೆ ಕುಡಿಸಿ, ಚೀಟಿ ಸೆರಗಿಗೆ ಕಟ್ಟಿಕೊಂಡು ಒಬ್ಬಳೇ ಹೊರಟೆ.

ಎರಡು ಕಾಗದ

ಯುದ್ಧದಲ್ಲಿ ಸತ್ತವರ ಮತ್ತು ಪತ್ತೆಯಿಲ್ಲದವರ ಪಟ್ಟಿಗಳನ್ನು ಇಟ್ಟ ಕಚೇರಿ ಬಂದರಿನ ಹತ್ತಿರ ಇತ್ತು. ಅಲ್ಲಿದ್ದವರು ಸಾತಾರಾ ಕಡೆಯ ಒಬ್ಬ ಮುಪ್ಪಿನ ಹವಾಲ್ದಾರರು. ಎಡಗೈಯ ಮೂರು ಬೆರಳು ಇರಲಿಲ್ಲ. ಪುಣೆಯಿಂದ ಬಂದೆ ಎಂದಾಗ ಎದ್ದು ನಿಂತರು. "ತಾಈ, ನಾನೂ ನಮ್ಮ ಡಿವಿಜನ್ನಿನವನೇ. ಕುತ್‌ನಲ್ಲಿದ್ದೆ," ಎಂದು ಮರಾಠಿಯಲ್ಲಿ, ಅಕ್ಕನನ್ನು ಕರೆದ ಹಾಗೆ ಹೇಳಿದರು.

ನೀರು ತರಿಸಿ ಕೊಟ್ಟು, ಅವರಾಗಿಯೇ ಮಾತಾಡಿದರು. ಸುತ್ತುಗಟ್ಟಿದಾಗ ನಮ್ಮನ್ನು ಬಿಡಿಸಲು ಲಾಹೋರಿನ ಹೆಸರಿನ ಡಿವಿಜನ್ನು ಬಂತು, ಮೀರತ್ತಿನ ಹೆಸರಿನ ಡಿವಿಜನ್ನು ಬಂತು ಎಂದರು. ಫ್ರಾನ್ಸಿನ ಕೆಸರಿನಿಂದ ಎದ್ದು ಬಂದವರು ಇಲ್ಲಿಯ ಕೆಸರಿನಲ್ಲಿ ಬಿದ್ದರು. ಅವರ ತೋಪಿನ ಸದ್ದು ಕುತ್‌ನಲ್ಲಿದ್ದ ಇವರಿಗೆ ಕೇಳುತ್ತಿತ್ತಂತೆ. ಇವತ್ತು ಬಂದಾರು, ನಾಳೆ ಬಂದಾರು ಎಂದು ಆ ಸದ್ದನ್ನೇ ಕೇಳುತ್ತ ಕೂತಿದ್ದರಂತೆ. ಒಂದೂರನ್ನು ಬಿಡಿಸಲು ಎರಡೂರು ಬಂದು, ಆ ಎರಡೂರಿನ ಮನೆಗಳೂ ಹಾಳಾದವು ಎಂದರು. ಪುಣೆಯಲ್ಲಿ ಕೂತು ನಾನೂ ಹಾಗೇ ಅಂಚೆಯವನ ಹೆಜ್ಜೆ ಕೇಳುತ್ತಿದ್ದೆ.

ಅವರು ನನ್ನ ಚೀಟಿ ನೋಡಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಬೆರಳಿಟ್ಟು ಓದಿದರು: "ಶ್ರೀಪಾದ. ಡ್ರೆಸರ್. ಪುಣೆ, ಸೋಮವಾರ ಪೇಟೆ. ಪತ್ತೆಯಿಲ್ಲ."

"ಶ್ರೀಪಾದ ನನ್ನ ಮಗ," ಎಂದೆ.

"ಮಗನೇ? ಇಲ್ಲಿ ವಿಚಾರಣೆ ಅವನದೇ ಇದೆ, ತಾಈ. ಕಳೆದುಹೋದವನು ಶ್ರೀಪಾದ ಎಂದೇ ಬರೆದಿದೆ."

ಡೇರೆ, ಬಿಸಿಲು, ಹೆಂಗಸರ ಸಾಲು ಎಲ್ಲ ಕಣ್ಣ ಮುಂದೆ ಬಂತು. ಶ್ರೀಪಾದನ ತಂದೆ ಎಂದು ನಾನು ಹೇಳಿದ್ದೆ. ಸಾಲು ಉದ್ದವಿತ್ತು, ಗುಮಾಸ್ತನಿಗೆ ಬೇಕಾಗಿದ್ದುದು ಒಂದು ಹೆಸರು, ಅವನಿಗೆ ಕೇಳಿದ ಒಂದೇ ಹೆಸರನ್ನು ಬರೆದುಕೊಂಡ. ಹನ್ನೆರಡು ವರ್ಷ ಸರಕಾರ ಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ ನನ್ನ ಮಗನನ್ನು ಯುದ್ಧಭೂಮಿಯಲ್ಲಿ ಹುಡುಕಿತ್ತು. ಸಿಗುವುದೆಲ್ಲಿಂದ?

"ನಿಮ್ಮ ಯಜಮಾನರ ಹೆಸರು ಹೇಳಿ," ಎಂದರು ಹವಾಲ್ದಾರರು.

ಹಿಂದೆ ತಿರುಗಿ ನೋಡಿದೆ. ಹೇಳಲು ವೆಂಕೋಬ ಇರಲಿಲ್ಲ. ಬರೆದುಕೊಡಲೇ ಎಂದು ಕಾಗದ ಕೇಳಿದೆ, ಕೊಟ್ಟರು. ನನಗೆ ಬರುವುದು ಕನ್ನಡದ ಅಕ್ಷರ, ಅವರಿಗೆ ಅದು ಓದಲು ಬಾರದು. ಕಾಗದವನ್ನು ಉಲ್ಟಾ ಮಾಡಿ ನೋಡಿ, ನನ್ನ ಕಡೆಗೆ ಸರಿಸಿದರು. ಅವರೂ ಮನೆಮಠ ಇದ್ದವರು, ಅರ್ಥವಾಯಿತೆಂದು ಕಾಣುತ್ತದೆ. ತಲೆ ಬಗ್ಗಿಸಿ ಮೇಜಿನ ಮೇಲಿನ ಧೂಳು ಒರೆಸತೊಡಗಿದರು.

ಹೇಳಿದೆ. ಮೊದಲ ಸಲ ಬರೀ ಉಸಿರು ಬಂತು. "ಕೇಳಿಸಲಿಲ್ಲ, ತಾಈ," ಎಂದರು. ಎರಡನೆಯ ಸಲ ಅರ್ಧ ಬಂತು. ಮೂರನೆಯ ಸಲ ಪೂರ್ತಿ. ಎಂಜಿನ್ ಸಪ್ಪಳ ಇರಲಿಲ್ಲ, ಕೋಣೆಗೆಲ್ಲ ಕೇಳಿತು. ಇಲ್ಲಿ ಅದನ್ನು ಈಗಲೇ ಬರೆಯುವುದಿಲ್ಲ, ಸ್ವಲ್ಪ ತಡೆಯಿರಿ.

ಅವರು ಅದೇ ಕಪಾಟಿನ ಕೆಳಗಿನ ಅರೆಯಿಂದ ತೆಳುವಾದ ಇನ್ನೊಂದು ಪುಸ್ತಕ ತೆಗೆದರು. ಶರಣಾಗುವ ಮೊದಲು ಕುತ್‌ನಲ್ಲಿ ದಾಖಲೆಗಳನ್ನೆಲ್ಲ ಸುಟ್ಟಿದ್ದರಂತೆ. ಸೆರೆಯಿಂದ ಬದುಕಿ ಬಂದವರು ನೆನಪಿನಿಂದ ಹೇಳಿದ ಹೆಸರುಗಳ ಪಟ್ಟಿ ಇದು. ಒಂದು ಚಹಾ ಕುಡಿಯುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಹೆಸರು ಅಲ್ಲೇ ಇತ್ತು. ಡ್ರೆಸರ್. ಊರು ಬಾಗಲಕೋಟೆ. ಶರಣಾಗುವುದಕ್ಕೆ ಒಂಬತ್ತು ದಿನ ಮೊದಲು ದವಾಖಾನೆಯಲ್ಲಿ ಜ್ವರದಿಂದ ತೀರಿಕೊಂಡರು. ನದಿಯ ದಂಡೆಯಲ್ಲಿ ಸಂಸ್ಕಾರ. ಕೊನೆಯಲ್ಲಿ ಒಂದು ಮಾತು: ಮನೆಯವರು ಪತ್ತೆಯಿಲ್ಲ.

ಪುಣೆಯಲ್ಲಿ ಹತ್ತು ವರ್ಷ ಇದ್ದರೂ ಊರು ಯಾವುದೆಂದರೆ ಬಾಗಲಕೋಟೆ ಎನ್ನುವವರು ಅವರು. ನಮ್ಮವರೆಲ್ಲ ಹಾಗೆಯೇ ತಾನೇ. ಪುಣೆಯ ಶ್ರೀಪಾದನನ್ನು ಹುಡುಕುವವರಿಗೆ ಬಾಗಲಕೋಟೆಯ ಇವರು ಹೇಗೆ ಸಿಗಬೇಕು? ಮೇಲಿನ ಅರೆಯಲ್ಲಿ ನಾನು ಅವರನ್ನು ಹುಡುಕುತ್ತಿದ್ದೆ. ಕೆಳಗಿನ ಅರೆಯಲ್ಲಿ ಅವರು ನನ್ನನ್ನು ಹುಡುಕುತ್ತಿದ್ದರು. ನಡುವೆ ಒಂದು ಹಲಗೆ.

ಹವಾಲ್ದಾರರು ಹಳೆಯ ಪಂಚಾಂಗ ನೋಡಿ ತಿಥಿ ಬರೆದುಕೊಟ್ಟರು. ಚೈತ್ರ ಬಹುಳ. ಪ್ರತಿ ಚೈತ್ರದಲ್ಲಿ ನಾನು ಗೌರಿಯನ್ನು ಕೂಡಿಸಿ, ವಾಡೆಯ ಹೆಂಗಸರನ್ನು ಕರೆದು, ಯಜಮಾನರ ಆಯುಷ್ಯ ಹೆಚ್ಚಲೆಂದು ಕೋಸಂಬರಿ ಪಾನಕ ಹಂಚಿದ್ದೆ. ಹನ್ನೆರಡು ಚೈತ್ರ. ಹೆಸರು ಹೇಳಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಹೇಳದೆ ಇದ್ದುದರಿಂದ ಹನ್ನೆರಡು ವರ್ಷ ಅವರು ನನ್ನ ಪಾಲಿಗೆ ಬದುಕಿದ್ದರು. ಯಾವುದು ಒಳ್ಳೆಯದಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು. ಆ ದಿನ ಮಾತ್ರ ಹವಾಲ್ದಾರರ ಮೇಜಿಗೆ ತಲೆಯಿಟ್ಟು ಅತ್ತೆ. ಅವರು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ನದಿಯ ಮೇಲೆ

ಸುದ್ದಿ ಕೇಳಿ ವೆಂಕೋಬ ಹೊಟ್ಟೆನೋವು ಮರೆತು ಗೊಳೋ ಎಂದು ಅತ್ತ. ಇಬ್ಬರೂ ತಲೆಗೆ ನೀರು ಹಾಕಿಕೊಂಡೆವು. ನಾನು ಮತ್ತೆ ಕುಂಕುಮ ಇಟ್ಟುಕೊಂಡದ್ದನ್ನು ನೋಡಿ ಅವನು ಮುಖ ಕೆಳಗೆ ಹಾಕಿದ.

"ಅಕ್ಕಾ, ಇನ್ನ ಇದು… ಶಾಸ್ತ್ರ ಏನ ಹೇಳತದಂದ್ರ…"

"ಶಾಸ್ತ್ರ ಮನಿಗೆ ಹೋದ ಮ್ಯಾಲೆ. ಈಗ ಕುತ್‌ಗೆ ಹೋಗೂದು. ಅವರಿಗೊಂದು ಮಾತು ಕೊಟ್ಟೀನಿ."

ಅವನು ಅವಲಕ್ಕಿ ಡಬ್ಬಿ ಕಟ್ಟಿದ.

ನದಿಯ ಮೇಲೆ ಮೂರು ದಿನ ಹಬೆದೋಣಿ. ಪುಣೆಯ ಮಾಘದ ಚಳಿ ಇಲ್ಲಿಯ ಚಳಿಯ ಮುಂದೆ ಏನೂ ಅಲ್ಲ, ಹಲ್ಲು ಕಟಕಟ ಅನ್ನುತ್ತವೆ. ಎರಡೂ ಕಡೆ ಚಪ್ಪಟೆ ಮಣ್ಣು, ಅಲ್ಲಲ್ಲಿ ಖರ್ಜೂರ. ಈ ನೆಲದಲ್ಲಿ ಮರೆಯಾಗಿ ನಿಲ್ಲಲು ಒಂದು ಕಲ್ಲೂ ಇಲ್ಲವಲ್ಲ, ಇಷ್ಟು ಬಯಲಿನಲ್ಲಿ ಹೇಗೆ ನಡೆದರೋ ಎಂದು ನೋಡುತ್ತ ಕೂತೆ. ನದಿಯ ಹೆಸರು ನಕ್ಷೆಯಲ್ಲಿ ಟೈಗ್ರಿಸ್, ಅಲ್ಲಿಯವರ ಬಾಯಲ್ಲಿ ದಿಜ್ಲಾ.

ಎರಡನೆಯ ದಿನ ಒಂದು ದಂಡೆಯಲ್ಲಿ ದೋಣಿ ನಿಂತಾಗ ನಾನು ಎದ್ದೇ ನಿಂತೆ. ನೀರಿನ ಮೇಲೆ ನಮ್ಮ ಹರಿಗೋಲು ತೇಲುತ್ತಿತ್ತು! ಅದೇ ಬುಟ್ಟಿಯ ಹಾಗೆ ದುಂಡಗೆ, ಹಾಗೆಯೇ ತಿರುತಿರುಗಿ ಬರುವುದು. ಬೆತ್ತ ಹೆಣೆದು ಚರ್ಮ ಹೊದಿಸುವ ಬದಲು ಇವರು ಡಾಂಬರು ಬಳಿದಿದ್ದರು, ಅಷ್ಟೇ. ಘಟಪ್ರಭೆಯನ್ನು ಹರಿಗೋಲಿನಲ್ಲಿ ದಾಟಿಯೇ ನಾನು ಅತ್ತೆಯ ಮನೆ ಸೇರಿದವಳು. ಪಕ್ಕದಲ್ಲಿ ಕೂತಿದ್ದ ಹುಡುಗ ವರ, ಹರಿಗೋಲು ತಿರುಗಿದಾಗ ನನಗೆ ಅಂಜಿಕೆಯಾಗಲೆಂದು ಬೇಕೆಂದೇ ಆ ಕಡೆ ಈ ಕಡೆ ಓಲಾಡುತ್ತಿದ್ದ. ಈ ಹರಿಗೋಲು ನೋಡಿ ಅವರಿಗೂ ಅದು ನೆನಪಾಗಿರುತ್ತದೆ. ಆಗದೆ ಇರುವುದಿಲ್ಲ.

ಇನ್ನೊಂದು ಪದ್ಧತಿ ನೋಡಿದೆ. ಈ ದಂಡೆಯಲ್ಲಿ ನಿಂತವರಿಗೆ ಆ ದಂಡೆಯ ಅಂಬಿಗ ಬೇಕಾದರೆ ಹೆಸರು ಹಿಡಿದು ಕೂಗುತ್ತಾರೆ. ಒಬ್ಬರ ಕೂಗು ಹೊಳೆ ದಾಟುವುದಿಲ್ಲ. ಆಗ ಬಟ್ಟೆ ಒಗೆಯುವವರು, ನೀರು ತುಂಬುವವರು, ಸಂಬಂಧವೇ ಇಲ್ಲದವರು ತಮ್ಮ ಕೆಲಸ ಬಿಟ್ಟು ಅದೇ ಹೆಸರನ್ನು ಎತ್ತಿಕೊಂಡು ಕೂಗುತ್ತಾರೆ. ಅಂಬಿಗ ಹೊರಟ ಮೇಲೆ ಸುಮ್ಮನೆ ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಯಾಕೆ, ಯಾರಿಗೆ ಎಂದು ಕೇಳುವುದಿಲ್ಲ. ನಮ್ಮ ಪುಣೆಯಲ್ಲಾದರೆ ಮೊದಲು ಕೂಗಿದವನಿಗೆ, ಏಕೆ ಬೊಬ್ಬೆ ಹಾಕುತ್ತೀಯೆಂದು ನಾಲ್ಕು ಜನ ಬುದ್ಧಿ ಹೇಳುತ್ತಾರೆ.

ಕುತ್

ಕುತ್ ಸಣ್ಣ ಊರು. ನದಿ ಮೂರು ಕಡೆಯಿಂದ ಅದನ್ನು ಸುತ್ತಿಕೊಂಡಿದೆ. ಮಣ್ಣಿನ ಮನೆಗಳು, ಒಂದು ಮಸೀದಿ, ಒಂದು ಸಂತೆಬೀದಿ. ಮಕ್ಕಳು ಓಡಾಡುತ್ತಿದ್ದರು, ರೊಟ್ಟಿಯ ವಾಸನೆ ಬರುತ್ತಿತ್ತು. ಇಲ್ಲಿ ಅಷ್ಟು ಸಾವಿರ ಜನ ರೊಟ್ಟಿಯಿಲ್ಲದೆ ಕೂತಿದ್ದರೆಂದು ನಂಬುವುದು ಕಷ್ಟ. ಇಂಗ್ಲಿಷರ ಸಮಾಧಿಗಳಿಗೆ ಒಂದು ಜಾಗವಿತ್ತು, ಸಾಲಾಗಿ ಗುರುತುಗಳಿದ್ದವು. ಸುಟ್ಟವರಿಗೆ ಎಂಥ ಗುರುತು? ಹವಾಲ್ದಾರರು ಹೇಳಿದ್ದ ದಂಡೆಯನ್ನು ಕೇಳಿಕೊಂಡು ಹೋದೆವು. ಅಲ್ಲಿ ನಾಲ್ಕೈದು ಹೆಂಗಸರು ಕಪ್ಪು ನಿಲುವಂಗಿ ಮೇಲೆ ಕಟ್ಟಿಕೊಂಡು ಬಟ್ಟೆ ಒಗೆಯುತ್ತಿದ್ದರು. ಅವರ ಜೊತೆ ಒಂದು ಪುಟ್ಟ ಹುಡುಗಿ.

ವೆಂಕೋಬ ದರ್ಭೆ, ಎಳ್ಳು ತೆಗೆದು ನೀರಿಗೆ ಇಳಿದ. ಶ್ರೀಪಾದನ ಪರವಾಗಿ ತರ್ಪಣ ಬಿಟ್ಟ. ಮಂತ್ರದ ನಡುವೆ ಅವನು ಅವರ ಹೆಸರು ಹೇಳಿದ. ಸಣ್ಣ ದನಿಯಲ್ಲಿ, ಬಾಯೊಳಗೇ, ಕೆಲಸ ಮುಗಿಸುವವನ ಹಾಗೆ. ಅದು ನನಗೆ ಸಾಲಲಿಲ್ಲ.

ನಾನು ದಂಡೆಯ ತುದಿಗೆ ಹೋದೆ. ಏನು ಹೇಳಬೇಕೆಂದು ಹಡಗಿನಿಂದಲೂ ಯೋಚಿಸಿದ್ದೆ, ಎಲ್ಲ ಮರೆತಿತ್ತು. "ನೀವು ಬರಲಿಲ್ಲ, ನಾನ ಬಂದೀನ್ರಿ," ಎಂದೆ. "ಶ್ರೀಪಾದ ನಿಮಗಿಂತ ಎತ್ತರ ಆಗ್ಯಾನ. ನಿಮ್ಮಂಗ ನಗತಾನ. ತಡಾ ಮಾಡಿದೆ, ಸಿಟ್ಟ ಆಗಬ್ಯಾಡ್ರಿ."

ಆಮೇಲೆ ಕರೆದೆ. ತವರಿನ ಹೊಲದಲ್ಲಿ ನಮ್ಮವ್ವ ಆಳುಗಳನ್ನು ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ, ಹೊಟ್ಟೆಯಿಂದ.

"ನರಹರೀ!"

ವೆಂಕೋಬನ ಕೈಯ ಎಳ್ಳು ನೀರಿಗೆ ಬಿತ್ತು. ನಾನು ಮತ್ತೆ ಕರೆದೆ. ನನ್ನ ದನಿ ಅರ್ಧ ಹೊಳೆಗೇ ನಿಂತುಬಿಟ್ಟಿತು. ಆಗ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದಳು. ಆಚೆ ದಂಡೆ ನೋಡಿದಳು. ಒದ್ದೆ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು: "ನರಹರೀ!" ಅವಳ ಪಕ್ಕದವಳು ಎದ್ದಳು. ಅವಳ ಪಕ್ಕದವಳೂ ಎದ್ದಳು. ಮೇಲಿನ ದಾರಿಯಲ್ಲಿ ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ ಗಂಡಸು ನಿಂತು ಕೂಗಿದ. ನೀರು ತುಂಬಲು ಬಂದವರು ಕೂಗಿದರು. ನಾನು ಇಷ್ಟು ವರ್ಷ ಬಾಯಲ್ಲಿ ಮುಚ್ಚಿಟ್ಟಿದ್ದ ಹೆಸರನ್ನು ಕುತ್‌ನ ದಂಡೆಯೆಲ್ಲ ಕೂಗಿತು.

ಆಚೆ ದಂಡೆಯಿಂದ ಒಂದು ಹರಿಗೋಲು ಹೊರಟಿತು.

ನನಗೆ ಗೊತ್ತಿತ್ತು. ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನು, ಅದು ತಿರುಗುತ್ತ ತಿರುಗುತ್ತ ಹತ್ತಿರವಾಗುವಷ್ಟು ಹೊತ್ತು ನಾನು ಸೆರಗು ಸರಿಮಾಡಿಕೊಂಡೆ, ಕೂದಲು ಸರಿಮಾಡಿಕೊಂಡೆ. ಬಂದವನು ಗಡ್ಡದ ಒಬ್ಬ ಅಂಬಿಗ. ಯಾರು ಕರೆದದ್ದು ಎಂದು ಕೇಳಿದನೆಂದು ಕಾಣುತ್ತದೆ, ಹೆಂಗಸರೆಲ್ಲ ನನ್ನತ್ತ ಕೈ ತೋರಿಸಿ ಮತ್ತೆ ಬಟ್ಟೆಗೆ ಬಾಗಿದರು. ಅವನು ನನಗೆ ಕೈ ಕೊಟ್ಟ. "ಅಕ್ಕಾ, ಎಲ್ಲಿಗೆ?" ಎಂದು ವೆಂಕೋಬ ಕೂಗಿದ. "ಅಲ್ಲೇ ನಿಂದ್ರು, ಬರತೀನಿ," ಎಂದು ಹತ್ತಿ ಕೂತೆ.

ನಡುಹೊಳೆಯಲ್ಲಿ ಹರಿಗೋಲು ಒಂದು ಸುತ್ತು ತಿರುಗಿತು. ಪಕ್ಕದಲ್ಲಿ ಓಲಾಡುವವರು ಯಾರೂ ಇರಲಿಲ್ಲ. ನಾನು ಬಾಗಿ ಬೊಗಸೆಯಲ್ಲಿ ದಿಜ್ಲಾದ ನೀರು ತೆಗೆದುಕೊಂಡು, ನನ್ನ ಹಣೆಯ ಕುಂಕುಮವನ್ನು ನನ್ನ ಕೈಯಿಂದಲೇ ತೊಳೆದುಕೊಂಡೆ. ನೀರು ತಣ್ಣಗಿತ್ತು. ಬಳೆಗಳನ್ನು ಒಂದೊಂದಾಗಿ ತೆಗೆದು ನೀರಿಗೆ ಬಿಟ್ಟೆ, ಒಡೆಯಲಿಲ್ಲ. ಅಂಬಿಗ ಹುಟ್ಟು ನಿಲ್ಲಿಸಿ ಬೇರೆ ಕಡೆ ನೋಡುತ್ತಿದ್ದ.

ದಂಡೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಬಾಗಿದ್ದರು. ಆ ಪುಟ್ಟ ಹುಡುಗಿಗೆ ಮಾತ್ರ ಹೊಸ ಹೆಸರು ಬಾಯಿಗೆ ರುಚಿಸಿತ್ತೆಂದು ಕಾಣುತ್ತದೆ. ನೀರಿನಲ್ಲಿ ಮೊಣಕಾಲುದ್ದ ನಿಂತು, ನಾನು ಆಚೆ ದಂಡೆ ಮುಟ್ಟುವವರೆಗೂ ಅವಳು ಕರೆಯುತ್ತಲೇ ಇದ್ದಳು: "ನರಹರೀ! ನರಹರೀ!"